ಮಾತ್ರೆ ಸೋತಿತೋ, ರಕ್ತಕ್ಕೆ ಸೇರಲೇ ಇಲ್ಲವೋ? ಕ್ಲೋರೋಕ್ವಿನ್ ಅಳೆಯುವುದು ಹೀಗೆ

ಮಂಗಳೂರಿನಲ್ಲಿ ಕಟ್ಟಡ ಕೆಲಸ ಮುಗಿಸಿ ಮುಳಬಾಗಿಲಿಗೆ ಮರಳಿದವರೊಬ್ಬರಿಗೆ ವೈವಾಕ್ಸ್ ಮಲೇರಿಯಾ ಬಂತು, ಮೂರು ದಿನ ಕ್ಲೋರೋಕ್ವಿನ್ ಕೊಟ್ಟರು, ಮೂರೇ ವಾರಕ್ಕೆ ಚಳಿಜ್ವರ ಮತ್ತೆ ಹತ್ತಿತು ಎಂದಿಟ್ಟುಕೊಳ್ಳಿ. ರಕ್ತಲೇಪನದಲ್ಲಿ ರೋಗಾಣು ಕಾಣುತ್ತಿದೆ. ತಪ್ಪು ಮಾತ್ರೆಯದೋ, ನುಂಗಿದ ರೀತಿಯದೋ? ರಕ್ತದಲ್ಲಿರುವ ಔಷಧವನ್ನು ಅಳೆದರೆ ತಿಳಿಯುತ್ತದೆ. ಇದು ಎಲ್ಲ ರೋಗಿಗಳಿಗೂ ಮಾಡುವ ಪರೀಕ್ಷೆಯಲ್ಲ; ಹೆಚ್ಚಾಗಿ ಸಂಶೋಧನೆಗೆ, ಔಷಧ ನಿರೋಧಕತೆಯ (ರೋಗಾಣು ಔಷಧಕ್ಕೆ ಬಗ್ಗದಿರುವುದರ) ಅನುಮಾನ ಬಂದಾಗ ಮಾಡುವಂಥದ್ದು.

ಮೊದಲು ಬರೆದುಕೊಳ್ಳಿ: ಎಷ್ಟು ಮಾತ್ರೆ, ಕೊನೆಯದು ಯಾವಾಗ, ವಾಂತಿಯಾಯಿತೇ. ಇದಿಲ್ಲದೆ ಮುಂದೆ ಬರುವ ಅಂಕಿಗೆ ಬೆಲೆಯಿಲ್ಲ.

ಜ್ವರ ಮರುಕಳಿಸಿದ ದಿನವೇ, ಮತ್ತೆ ಔಷಧ ಕೊಡುವ ಮುನ್ನ, ರಕ್ತ ಗಟ್ಟಿಯಾಗದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿಗೆ ಸುಮಾರು 2 ಮಿ.ಲೀ. ರಕ್ತ ತೆಗೆದು ಮೆಲ್ಲಗೆ ತಿರುಗಿಸಿ. ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವ, ಬೇರ್ಪಡಿಸಲು ಹೋಗಬೇಡಿ. ಕ್ಲೋರೋಕ್ವಿನ್ ರಕ್ತಕಣಗಳೊಳಗೇ ಹೆಚ್ಚು ಸೇರಿಕೊಳ್ಳುವುದರಿಂದ ಇಡೀ ರಕ್ತದಲ್ಲಿ ಅದರ ಮಟ್ಟ ಪ್ಲಾಸ್ಮಾಕ್ಕಿಂತ ಹಲವು ಪಟ್ಟು. ಪ್ಲಾಸ್ಮಾದಲ್ಲಿ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಉಳಿದುಬಿಟ್ಟರೂ ಲೆಕ್ಕ ಕೆಡುತ್ತದೆ. ಟ್ಯೂಬನ್ನು ಫ್ರೀಜರಿನಲ್ಲಿಟ್ಟು ಮಂಜುಗಟ್ಟಿಸಿ, ಕರಗದಂತೆ ಬೆಂಗಳೂರಿನಂಥ ಕಡೆಯ ದೊಡ್ಡ ಲ್ಯಾಬಿಗೆ ಕಳಿಸಬೇಕು. ಫ್ರೀಜರ್ ಇಲ್ಲದ ಹಳ್ಳಿಯಲ್ಲಿ, ಅಳತೆ ಮಾಡಿದ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು, ನೆರಳಲ್ಲಿ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಚೀಲಕ್ಕೆ ಹಾಕುವ ದಾರಿಯೂ ಇದೆ. ಕೋಲಾರದ ಒಣ ಹವೆ ಇದಕ್ಕೆ ಅನುಕೂಲವೇ.

ಲ್ಯಾಬಿನಲ್ಲಿ ರಕ್ತಕ್ಕೆ ಗೊತ್ತಾದ ಪ್ರಮಾಣದ ಆಂತರಿಕ ಮಾನಕ, ಅಂದರೆ ಹೋಲಿಕೆಗೆಂದು ಸೇರಿಸುವ ಪದಾರ್ಥ, ಬೆರೆಸುತ್ತಾರೆ. ಸಾಮಾನ್ಯವಾಗಿ ಅದು ಡ್ಯುಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಕ್ಲೋರೋಕ್ವಿನ್. ಸಂಸ್ಕರಣೆಯಲ್ಲಿ ಒಂದಿಷ್ಟು ನಷ್ಟವಾದರೆ ರೋಗಿಯ ರಕ್ತದ ಕ್ಲೋರೋಕ್ವಿನ್, ಈ ಮಾನಕ ಎರಡೂ ಒಂದೇ ಪ್ರಮಾಣದಲ್ಲಿ ನಷ್ಟವಾಗುತ್ತವೆ, ಅನುಪಾತ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವಿಧಾನದ ಜಾಣತನ ಇಲ್ಲೇ ಇದೆ. ಅಸಿಟೋನೈಟ್ರೈಲ್ ಹಾಕಿ ಪ್ರೋಟೀನನ್ನು ಹಾಲು ಒಡೆದಂತೆ ಒಡೆಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಯಂತ್ರಕ್ಕೆ ಬಿಡುತ್ತಾರೆ. ದ್ರವ ಕ್ರೊಮ್ಯಾಟೋಗ್ರಫಿ ಕಾಲಂ ಪದಾರ್ಥಗಳನ್ನು ಬೇರ್ಪಡಿಸಿದರೆ, ಕಣಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್ 320 ತೂಕದ ಅಯಾನು (ವಿದ್ಯುದಂಶವಿರುವ ಕಣ) ಒಡೆದು 247 ಆಗುವುದನ್ನು ನೋಡಿ ಕ್ಲೋರೋಕ್ವಿನ್ ಗುರುತಿಸುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳನ್ನೂ ಜೊತೆಗೇ ಓಡಿಸಬೇಕು. ಅವು ನಿಜಬೆಲೆಯಿಂದ ಶೇ 15ಕ್ಕಿಂತ ಆಚೀಚೆ ಹೋದರೆ ಆ ದಿನದ ಫಲಿತಾಂಶ ಒಪ್ಪುವಂತಿಲ್ಲ.

ಕ್ಲೋರೋಕ್ವಿನ್ ಜೊತೆಗೆ ದೇಹದಲ್ಲಿ ಅದರಿಂದಾಗುವ ಡೆಸ್‌ಇಥೈಲ್ ಕ್ಲೋರೋಕ್ವಿನ್ ಕೂಡಿಸಿ, ಇಡೀ ರಕ್ತದಲ್ಲಿ ಮಿ.ಲೀ.ಗೆ 100 ನ್ಯಾನೋಗ್ರಾಂ ದಾಟಿದ್ದೂ 28 ದಿನದೊಳಗೆ ರೋಗಾಣು ಮರಳಿದ್ದರೆ ನಿರೋಧಕತೆ ಎಂದು ಶಂಕಿಸಬೇಕು. ಕಡಿಮೆಯಿದ್ದರೆ, ಮಾತ್ರೆ ಪೂರ್ತಿ ತೆಗೆದುಕೊಂಡರೇ ಎಂದು ಮತ್ತೊಮ್ಮೆ ಕೇಳಿ. ವರದಿಯಲ್ಲಿ ಇಡೀ ರಕ್ತವೋ ಪ್ಲಾಸ್ಮಾವೋ ಎಂದು ಬರೆಯದಿದ್ದರೆ, ಲ್ಯಾಬಿಗೆ ಫೋನ್ ಮಾಡಿ ಕೇಳದೆ ಆ ಅಂಕಿಯನ್ನು 100ರ ಜೊತೆ ಹೋಲಿಸಬೇಡಿ.