ರಂಗನತಿಟ್ಟಿಗೆ ಸ್ವಯಂಸೇವಕರ ತಂಡವನ್ನು ಕರೆದೊಯ್ಯುವ ಬಗೆ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ, ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮಕ್ಕೆ ಕಸ ಆಯಲು ತಂಡ ಕರೆದೊಯ್ಯುವವರು ಮೊದಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆದು, ಮಾಡಬೇಕಾದ ಕೆಲಸವನ್ನು ಸಿಬ್ಬಂದಿಯಿಂದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುವುದರಿಂದ, ಹೊರಡುವ ಮುನ್ನ ವಿಚಾರಿಸಿ.

ಕಾಲುದಾರಿಯ ಬದಿಯ ಪ್ಲಾಸ್ಟಿಕ್ ಆಯುವಾಗ ಕೈಗವಸು ಧರಿಸಿ. ಬಂಡೆಗಳ ಮೇಲೆ ಅಲುಗದೆ ಮಲಗುವ ಮೊಸಳೆಗಳು ಇಲ್ಲಿ ಹಲವಿರುವುದರಿಂದ, ನೀರಿಗೆ ಇಳಿಯುವುದಿರಲಿ, ಅಂಚಿಗೂ ಹೋಗಬಾರದು. ಇದಕ್ಕಿಂತಲೂ ನಾನು ಒತ್ತಿ ಹೇಳುವುದು ಮೌನವನ್ನು: ಬಣ್ಣದ ಕೊಕ್ಕರೆ, ಚಮಚಕೊಕ್ಕಿನ ಹಕ್ಕಿಗಳು ಗದ್ದಲಕ್ಕೆ ಬೆದರಿ ಗೂಡು ಬಿಟ್ಟೆದ್ದರೆ ಮೊಟ್ಟೆ, ಮರಿಗಳು ಉರಿಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಆದ್ದರಿಂದ ಹಾಡು, ಕೂಗಾಟ, ಡ್ರೋನ್ ಯಾವುದೂ ಬೇಡ. ಆಯ್ದ ಕಸವನ್ನು ತೂಗಿ ಬರೆದಿಟ್ಟು, ಸಿಬ್ಬಂದಿ ಹೇಳಿದ ಸ್ಥಳಕ್ಕೆ ತಲುಪಿಸಿ.