ಯುದ್ಧದ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಿಸುವುದು ಹೇಗೆ

ಹೆಲ್ಮೆಟ್ ಇದ್ದರೆ ಯಾವ ಗುಂಡಿಗೂ ಹೆದರಬೇಕಿಲ್ಲ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. 1915ರಲ್ಲಿ ಫ್ರಾನ್ಸಿನ ಏಡ್ರಿಯನ್, ಬ್ರಿಟನ್ನಿನ ಬ್ರೋಡಿ ಉಕ್ಕಿನ ಟೋಪಿಗಳು ಬಂದದ್ದು ಕಂದಕದ ಮೇಲಿಂದ ಸುರಿಯುವ ಫಿರಂಗಿ ಶೆಲ್ ಚೂರುಗಳಿಗಾಗಿ. ಇಂದಿಗೂ ಹೆಲ್ಮೆಟ್‌ನ ಮುಖ್ಯ ಕೆಲಸ ಚೂರು ತಡೆಯುವುದೇ. ಅಮೆರಿಕದ ಸೇನೆಯ ಎಸಿಎಚ್ (ಅಡ್ವಾನ್ಸ್ಡ್ ಕಾಂಬ್ಯಾಟ್ ಹೆಲ್ಮೆಟ್) ಮಾದರಿಯ, ಕೆವ್ಲಾರ್‌ನಂಥ ಆರಾಮಿಡ್ ನಾರಿನ ಚಿಪ್ಪು ಸೆಕೆಂಡಿಗೆ ಸುಮಾರು 430 ಮೀಟರ್ ವೇಗದ 9 ಎಂಎಂ ಪಿಸ್ತೂಲು ಗುಂಡನ್ನು ತಡೆದೀತು. ಆದರೆ ಎಕೆ-47 ರೈಫಲ್ಲಿನ ಗುಂಡು ಹೊರಡುವುದೇ 700 ಮೀಟರಿಗೂ ಮೀರಿದ ವೇಗದಲ್ಲಿ. ಕಾಶ್ಮೀರದಲ್ಲಿ ಭಾರತೀಯ ಸೈನಿಕರು ತಲೆಗೆ ಕಟ್ಟಿಕೊಳ್ಳುತ್ತಿದ್ದ ಉಕ್ಕಿನ ‘ಪಟ್ಕಾ’ ಬಂದದ್ದು ಈ ಗುಂಡಿಗೆ ಉತ್ತರವಾಗಿ. ಹಣೆಗೂ ಹಿಂತಲೆಗೂ ರಕ್ಷಣೆ ಸಿಕ್ಕಿತು, ಆದರೆ ತೂಕ ಸುಮಾರು ಎರಡೂವರೆ ಕಿಲೋ, ನೆತ್ತಿ ಬಯಲು.

ಗುಂಡು ಚಿಪ್ಪಿನಲ್ಲೇ ನಿಂತರೂ ಅಪಾಯ ಮುಗಿಯುವುದಿಲ್ಲ. ಚಿಪ್ಪು ಒಳಕ್ಕೆ ಉಬ್ಬುತ್ತದೆ. ಜೇಡಿಮಣ್ಣು ತುಂಬಿದ ತಲೆಯಚ್ಚಿನ ಮೇಲೆ ಎಸಿಎಚ್ ಪರೀಕ್ಷಿಸುವಾಗ ಮಣ್ಣಿನಲ್ಲಿ ಬೀಳುವ ಗುಳಿ ಹಣೆ ಮತ್ತು ಹಿಂಬದಿಯಲ್ಲಿ 25.4 ಮಿ.ಮೀ., ನೆತ್ತಿ ಮತ್ತು ಪಕ್ಕಗಳಲ್ಲಿ 16 ಮಿ.ಮೀ. ದಾಟುವಂತಿಲ್ಲ. ಒಳಗಿನ ಪ್ಯಾಡ್‌ಗಳ ದಪ್ಪ 19 ಇಲ್ಲವೇ 25 ಮಿ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸೆಖೆಯೆಂದು ಎರಡು ಪ್ಯಾಡ್ ಕಿತ್ತು ಬ್ಯಾಗಿಗೆ ಹಾಕಿಕೊಂಡವನು ಉಬ್ಬಿಗೂ ಬುರುಡೆಗೂ ನಡುವೆ ಇದ್ದ ಜಾಗವನ್ನೇ ಕಿತ್ತಂತೆ.

ಅಳತೆಯಿಂದ ಶುರು ಮಾಡಿ. ಹುಬ್ಬಿನ ಮೇಲಿಂದ ಹಿಂತಲೆಯ ಉಬ್ಬಿನವರೆಗೆ ಟೇಪು ಸುತ್ತಿ. ತಲೆಯ ಉದ್ದ, ಅಗಲವನ್ನೂ ತೆಗೆಯಿರಿ. ಸುತ್ತಳತೆ ಒಂದೇ ಇದ್ದರೂ ಉದ್ದತಲೆಗೂ ದುಂಡುತಲೆಗೂ ಒಂದೇ ಸೈಜು ಕೂರುವುದಿಲ್ಲ. ಒಳಗೆ ಟೋಪಿ ಹಾಕುವುದಾದರೆ ಅದರೊಂದಿಗೇ ಅಳೆಯಿರಿ.

ಎಸಿಎಚ್ ಒಳಗಿನ ಏಳು ಪ್ಯಾಡ್‌ಗಳಲ್ಲಿ ದುಂಡನೆಯದು ನೆತ್ತಿಗೆ, ಚತುಷ್ಕೋನದ ಎರಡು ಹಣೆಗೂ ಹಿಂಬದಿಗೂ, ಉದ್ದನೆಯ ನಾಲ್ಕು ಪಕ್ಕಗಳಿಗೆ. ಹೊಸ ಪ್ಯಾಡ್ ಗಟ್ಟಿಯಾಗಿರುತ್ತದೆ, ಮೈಶಾಖಕ್ಕೆ ಮೆತ್ತಗಾಗಿ ತಲೆಯ ಆಕಾರಕ್ಕೆ ಬರುತ್ತದೆ. ಹಾಗಾಗಿ ಹಾಕಿದ ಕೂಡಲೇ ‘ಬಿಗಿ’ ಎಂದು ತೀರ್ಮಾನಿಸಬೇಡಿ. ಚಳಿಯಲ್ಲಿ ಅದೇ ಪ್ಯಾಡ್ ಮತ್ತೆ ಕಲ್ಲಿನಂತಾಗುತ್ತದೆ. ಹಿಮದ ನೆಲೆಗಳಲ್ಲಿ ಹಾಕುವ ಮೊದಲು ಜಾಕೆಟ್ಟಿನೊಳಗೆ ಬೆಚ್ಚಗಿಡಿ.

ಅರ್ಧ ಗಂಟೆ ಧರಿಸಿ ತೆಗೆದು ಹಣೆ ನೋಡಿ. ಕೆಂಪು ಗುರುತು ಅಗಲವಾಗಿ, ಒಂದೇ ಸಮನಾಗಿ ಇದ್ದರೆ ಸರಿ. ಒಂದೇ ಕಡೆ ನಾಣ್ಯದಷ್ಟು ಆಳವಾಗಿ ಒತ್ತಿದ್ದರೆ ಆ ಪ್ಯಾಡ್ ಬೆರಳಗಲ ಸರಿಸಿ. ಅದನ್ನು ಹಾಗೇ ಬಿಟ್ಟರೆ ಸಂಜೆಗೆ ತಲೆನೋವು, ಮಾರನೇ ದಿನ ಹೆಲ್ಮೆಟ್ ಹಿಂದಕ್ಕೆ ತಳ್ಳಿ ಹಣೆ ಬಯಲು. ಕಿವಿಯ ಹೆಡ್‌ಸೆಟ್ಟಿನ ಪಟ್ಟಿ ಪ್ಯಾಡಿನ ಅಡಿ ಸಿಕ್ಕಿದರೂ ಇದೇ ಕಥೆ.

ಮುಂಭಾಗದ ಅಂಚು ಹುಬ್ಬಿನಿಂದ ಅರ್ಧ ಇಂಚು ಮೇಲಿರಲಿ. ಕುತ್ತಿಗೆಯ ಪ್ಯಾಡ್ ಹಿಂತಲೆಯ ಉಬ್ಬಿನ ಕೆಳಗೆ ಕೂರಬೇಕು, ಮೇಲಲ್ಲ. ಗಲ್ಲಕ್ಕೆ ಕಟ್ಟುವ ಪಟ್ಟಿಗಳಲ್ಲಿ ಮೊದಲು ಹಿಂದಿನ ಎರಡು, ಆಮೇಲೆ ಮುಂದಿನವು, ಎರಡೂ ಕಡೆ ಸಮನಾಗಿ ಎಳೆಯಿರಿ. ತಲೆ ಅಲ್ಲಾಡಿಸಿದಾಗ ಹಣೆಯ ಚರ್ಮ ಹೆಲ್ಮೆಟ್ ಜತೆಗೇ ಸರಿಯಬೇಕು. ನಂತರ ಗುಂಡುನಿರೋಧಕ ಜಾಕೆಟ್ ತೊಟ್ಟು ಬೋರಲು ಮಲಗಿ ರೈಫಲ್ ಗುರಿ ಹಿಡಿಯಿರಿ. ಜಾಕೆಟ್ಟಿನ ಹಿಂದಿನ ಕಾಲರು ಹೆಲ್ಮೆಟ್ಟನ್ನು ಕಣ್ಣ ಮೇಲೆ ನೂಕುತ್ತಿದ್ದರೆ ನಿಂತು ಮಾಡಿದ ಅಳವಡಿಕೆಯೆಲ್ಲ ವ್ಯರ್ಥ. ಪಟ್ಟಿಗಳನ್ನು ಮತ್ತೆ ಹೊಂದಿಸಿ. ರಾತ್ರಿ ನೋಡುವ ಸಾಧನವನ್ನು ಮುಂದೆ ತೂಗುಹಾಕಿದರೆ ಹಿಂದೆ ಪ್ರತಿಭಾರ ಬೇಕು, ಇಲ್ಲದಿದ್ದರೆ ಕುತ್ತಿಗೆಯ ಸ್ನಾಯುಗಳೇ ಆ ಭಾರ ಹೊರುತ್ತವೆ.

ಕಷ್ಟ ಮುಖದ್ದು. ದವಡೆಗೆ ಕವಚ ತಯಾರಿಲ್ಲವೆಂದಲ್ಲ, ಅದನ್ನು ತೊಟ್ಟರೆ ಕೆನ್ನೆ ರೈಫಲ್ಲಿನ ಹಿಂಬದಿಯ ಹಿಡಿಗೆ (ಬಟ್) ತಾಗುವುದಿಲ್ಲ, ಗುರಿ ತಪ್ಪುತ್ತದೆ. ಹಾಗಾಗಿ ದವಡೆ ಕವಚ ವಾಹನದ ಮೇಲೆ ನಿಂತು ಗನ್ ನಡೆಸುವವನಿಗೇ ಹೆಚ್ಚು ಒಗ್ಗುತ್ತದೆ. ಕಾಲಾಳಿಗೆ ಮುಖದಲ್ಲಿ ಉಳಿಯುವ ದೊಡ್ಡ ರಕ್ಷಣೆ ಕನ್ನಡಕ. ಅಮೆರಿಕದ ಸೇನೆಯ ಮಾನದಂಡದಲ್ಲಿ ಪಾಲಿಕಾರ್ಬೊನೇಟ್ ಕನ್ನಡಕ ಸೆಕೆಂಡಿಗೆ ಸುಮಾರು 195 ಮೀಟರ್ ವೇಗದ ಸಣ್ಣ ಲೋಹದ ಚೂರನ್ನು ತಡೆಯಬೇಕು. ಅದು ಹಣೆಗೂ ಕೆನ್ನೆಗೂ ಹತ್ತಿರ ಕೂರಲಿ, ಕಡ್ಡಿಗಳು ಪ್ಯಾಡಿನ ಅಡಿ ಸಿಕ್ಕಿಕೊಳ್ಳದಿರಲಿ. ಒಳಮೈಯಲ್ಲಿ ಆವಿ ಕಟ್ಟದಂತೆ ಲೇಪವಿರುತ್ತದೆ. ಧೂಳು ಕೂತಾಗ ಅಂಗಿಯಂಚಿನಿಂದ ಒಣದಾಗಿ ಉಜ್ಜಿದರೆ ಲೇಪ ಹೋಗುತ್ತದೆ, ಆಮೇಲೆ ಆವಿ ಕಟ್ಟಿದ್ದಕ್ಕೇ ಕನ್ನಡಕ ಜೇಬು ಸೇರುತ್ತದೆ. ನೀರು ಸುರಿದು ತೊಳೆದು, ಕೊಡವಿ, ಗಾಳಿಗೆ ಆರಲು ಬಿಡಿ.

ಸ್ಕ್ರೂ ಸಡಿಲವಾದರೆ ಅಂಗಡಿಯ ಸ್ಕ್ರೂ ಹಾಕಬೇಡಿ, ಏಟು ಬಿದ್ದಾಗ ಅದೇ ಚೂರಾಗಿ ತಲೆಗೆ ಹಾರಬಹುದು. ಚಿಪ್ಪಿಗೆ ತೂತು ಕೊರೆಯಬೇಡಿ, ಥಿನ್ನರ್ ಹಚ್ಚಬೇಡಿ, ಬಿಸಿಲಿನಲ್ಲಿ ಒಣಹಾಕಬೇಡಿ. ಆರಾಮಿಡ್‌ಗೆ ಬಿಸಿಲಿನ ನೇರಳಾತೀತ ಕಿರಣ ಆಗದು. ಅಂಚಿನ ರಬ್ಬರು ಎದ್ದಿದ್ದರೆ ಹೆಬ್ಬೆರಳಲ್ಲಿ ಒತ್ತಿ ನೋಡಿ: ಪದರಗಳು ಬಿಟ್ಟಿದ್ದರೆ ಮೆತ್ತಗೆ ತಗ್ಗುತ್ತದೆ. ಅಂಥದ್ದನ್ನೂ, ಒಮ್ಮೆ ಗುಂಡೋ ಚೂರೋ ತಾಗಿದ್ದನ್ನೂ ಗುರುತು ಹಾಕಿ ಬೇರೆಯಿಡಿ, ಹೊರಗೆ ಗೀಚಷ್ಟೇ ಕಂಡರೂ ಸರಿ.