ಮೊದಲ ಟರ್ನ್‌ಟೇಬಲ್: ಹಣ ಹಾಕಬೇಕಾದದ್ದು ಮುಳ್ಳಿನ ಮೇಲೆ

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಮರದ ಪೆಟ್ಟಿಗೆಯ ಹೊಳಪಿನ ಮೇಲೆ, ಇಲ್ಲವೇ ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಬಣ್ಣಬಣ್ಣದ ಪ್ಲೇಯರ್‌ಗಳ ಮೇಲೆ. ಆದರೆ ಎಲ್‌ಪಿ ರೆಕಾರ್ಡಿನ ಗೆರೆಯೊಳಗೆ ಇಳಿದು ನಾದವನ್ನು ಹೆಕ್ಕಿ ತರುವುದು ಮುಳ್ಳು. ಆ ಮುಳ್ಳು, ಅದು ಕೂತಿರುವ, ಅದರ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಡ್ಜ್, ಕಾರ್ಟ್ರಿಡ್ಜನ್ನು ಹೊತ್ತ ತೋಳು ಅಂದರೆ ಟೋನ್‌ಆರ್ಮ್, ಈ ಮೂರೂ ಸರಿಯಿಲ್ಲದಿದ್ದರೆ ಪೆಟ್ಟಿಗೆ ಎಷ್ಟು ಚೆಂದವಿದ್ದೂ ಪ್ರಯೋಜನವಿಲ್ಲ.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿರುವ ಆಂಪ್ಲಿಫಯರ್‌ನ ಹಿಂಬದಿಯನ್ನು ಒಮ್ಮೆ ನೋಡಿಕೊಳ್ಳಿ. ಅಲ್ಲಿ 'ಫೋನೊ' ಎಂದು ಬರೆದ ಜೋಡಿ ಕಿಂಡಿಗಳಿದ್ದರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯವಾಗಿ ಬಳಕೆಯಲ್ಲಿರುವ, ಒಳಗೆ ಪುಟ್ಟ ಅಯಸ್ಕಾಂತವಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಹೊರಡಿಸುವ ವಿದ್ಯುತ್ ಸಂಕೇತ 3ರಿಂದ 6 ಮಿಲಿವೋಲ್ಟ್ ಮಾತ್ರ, ಸಿ.ಡಿ. ಪ್ಲೇಯರ್‌ನದು 2 ವೋಲ್ಟ್‌ವರೆಗೂ ಇರುತ್ತದೆ. ಜೊತೆಗೆ, ಎಲ್‌ಪಿಯನ್ನು ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ ತಾರ ಸ್ವರಗಳನ್ನು ಹಿಗ್ಗಿಸಿರುತ್ತಾರೆ, ಇಲ್ಲದಿದ್ದರೆ ಗೆರೆಗಳು ಅಗಲವಾಗಿ ಹಾಡುಗಳಿಗೆ ಜಾಗ ಸಾಲುವುದಿಲ್ಲ. 1954ರಿಂದ ಅಮೆರಿಕದ ರೆಕಾರ್ಡ್ ಉದ್ಯಮ ಸಂಘದ ಆರ್‌ಐಎಎ ಮಾನದಂಡವಾಗಿ ನೆಲೆಗೊಂಡ ಈ ಏರಿಳಿತವನ್ನು ತಿರುಗಿ ಸರಿಪಡಿಸುವುದೂ, ಸಂಕೇತವನ್ನು ನೂರು ಪಟ್ಟಿನಷ್ಟು ಬಲಪಡಿಸುವುದೂ ಫೋನೊ ಪ್ರಿಆಂಪ್‌ನ ಕೆಲಸ. 'ಫೋನೊ' ಕಿಂಡಿಯಿರುವ ಆಂಪ್ಲಿಫಯರ್‌ನಲ್ಲಿ ಅದು ಒಳಗೇ ಇರುತ್ತದೆ. ಅದಿಲ್ಲದೆ ಟರ್ನ್‌ಟೇಬಲನ್ನು ನೇರವಾಗಿ ಸಿ.ಡಿ. ಪ್ಲೇಯರ್‌ನಂಥವುಗಳಿಗಿರುವ 'ಆಕ್ಸ್' ಕಿಂಡಿಗೆ ಚುಚ್ಚಿದರೆ ಪಕ್ಕದ ಮನೆಯ ರೇಡಿಯೊ ಕೇಳಿಸಿದಷ್ಟೇ ಕೇಳಿಸುತ್ತದೆ.

ಕಡಿಮೆ ಬೆಲೆಯ ಅನೇಕ ಟರ್ನ್‌ಟೇಬಲ್‌ಗಳಲ್ಲಿ ಪ್ರಿಆಂಪ್ ಒಳಗೇ ಇರುತ್ತದೆ. ಹೊಸಬರಿಗೆ ಅದು ಅನುಕೂಲವೇ. ಆದರೆ ಬೇಡವೆಂದಾಗ ಅದನ್ನು ಬಂದ್ ಮಾಡುವ ಸ್ವಿಚ್ ಇದೆಯೇ ಎಂದು ನೋಡಿ. ಒಳಗಿನ ಪ್ರಿಆಂಪನ್ನೂ ಆಂಪ್ಲಿಫಯರ್‌ನ ಫೋನೊ ಕಿಂಡಿಯನ್ನೂ ಒಟ್ಟಿಗೆ ಬಳಸಿ, ಒಡೆದ ದನಿ ಕೇಳಿ, ಎರಡು ದಿನ ಪೂರ್ತಿ ರೆಕಾರ್ಡನ್ನೇ ಬೈದವರ ಪೈಕಿ ನಾನೂ ಒಬ್ಬ.

ಇನ್ನು ಮುಳ್ಳಿನ ವಿಚಾರ. ಅತಿ ಅಗ್ಗದ ಪ್ಲೇಯರ್‌ಗಳಲ್ಲಿರುವ ಸೆರಾಮಿಕ್ ಕಾರ್ಟ್ರಿಡ್ಜ್ ರೆಕಾರ್ಡಿನ ಮೇಲೆ 5–6 ಗ್ರಾಂ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಡ್ಜಿಗೆ 2 ಗ್ರಾಂ ಆಸುಪಾಸು ಸಾಕು. ಭಾರ ಹೆಚ್ಚಿದಷ್ಟೂ ಗೆರೆ ಬೇಗ ಸವೆಯುತ್ತದೆ, ಸವೆದ ಗೆರೆ ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಭಾರವನ್ನು ಹೊಂದಿಸಬಹುದೇ, ಕಾರ್ಟ್ರಿಡ್ಜನ್ನು ಬದಲಿಸಬಹುದೇ, ಮುಳ್ಳು ಬಿಡಿಯಾಗಿ ಸಿಗುತ್ತದೆಯೇ. ಉದಾಹರಣೆಗೆ, ಆಡಿಯೊ-ಟೆಕ್ನಿಕಾದ ಎಲ್‌ಪಿ60ಎಕ್ಸ್‌ನಲ್ಲಿ ಮುಳ್ಳನ್ನು ಮಾತ್ರ ಬದಲಿಸಲು ಸಾಧ್ಯ, ಭಾರ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಅದೇ ಸಂಸ್ಥೆಯ ಎಲ್‌ಪಿ120ಎಕ್ಸ್‌ನಲ್ಲಿ ಮೂರನ್ನೂ ಮಾಡಬಹುದು. ಗುಂಡಿ ಒತ್ತಿದರೆ ತಾನೇ ಹಾಡಿ ತಾನೇ ನಿಲ್ಲಬೇಕು ಎನ್ನುವವರಿಗೆ ಮೊದಲನೆಯದು ತಪ್ಪು ಆಯ್ಕೆಯೇನಲ್ಲ. ಮುಂದೆ ಸುಧಾರಿಸಿಕೊಳ್ಳುವ ಆಸೆಯಿದ್ದವರಿಗೆ ಮಾತ್ರ ಅದು ಬೇಗನೆ ಸಾಲದಾಗುತ್ತದೆ.

ಮುಳ್ಳಿನ ತುದಿಯ ಆಕಾರವನ್ನೂ ವಿಚಾರಿಸಿ. ಶಂಕುವಿನಾಕಾರದ ತುದಿ ಅಗ್ಗ, ಅಂಡಾಕಾರದ ತುದಿ ಸ್ವಲ್ಪ ದುಬಾರಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋದರೆ, ಕೊನೆಯ ಹಾಡಿನ ಹೊತ್ತಿಗೆ ಅದು 21 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ, ಅಂದರೆ ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಒತ್ತಾಗಿ ಕೂತಿರುತ್ತದೆ. ಕೊನೆಯ ಹಾಡಿನಲ್ಲಿ ಸಕಾರಗಳು 'ಶ್' ಎಂದು ಸೀಳುವುದು ಇದರಿಂದಲೇ. ಅಂಡಾಕಾರದ ತುದಿಯ ಕಿರಿದಾದ ಅಂಚು ಈ ಒತ್ತಾದ ತಿರುವುಗಳನ್ನು ಹೆಚ್ಚು ನಿಖರವಾಗಿ ಹಿಂಬಾಲಿಸುತ್ತದೆ.

ಬೆಲ್ಟ್ ಡ್ರೈವೋ ಡೈರೆಕ್ಟ್ ಡ್ರೈವೋ ಎಂಬ ವಾದಕ್ಕೆ ಮೊದಲ ಖರೀದಿಯಲ್ಲಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೋಟಾರಿನಿಂದ ತಟ್ಟೆಯನ್ನು ತಿರುಗಿಸುವ ಬೆಲ್ಟ್ ಮೋಟಾರಿನ ನಡುಕವನ್ನು ತಡೆಯುತ್ತದೆ, ಕೆಲವು ವರ್ಷಗಳಲ್ಲಿ ಸಡಿಲವಾದಾಗ ಬದಲಿಸಿದರಾಯಿತು. ಮೋಟಾರೇ ತಟ್ಟೆಯನ್ನು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಬೇಗ ವೇಗ ಹಿಡಿಯುತ್ತದೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಡಿಜೆಗಳ ಕೈಗೆ ಹೋದದ್ದು ಅದಕ್ಕಾಗಿಯೇ.

ಬಳಸಿದ ಯಂತ್ರ ಕೊಳ್ಳುವುದಾದರೆ ವೇಗವನ್ನು ನೀವೇ ಪರೀಕ್ಷಿಸಿ. ತಿರುಗುವ ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಗಡಿಯಾರ ಹಿಡಿದು ಎಣಿಸಿ: 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ನಂತರ ಟೋನ್‌ಆರ್ಮನ್ನು ಮೆಲ್ಲಗೆ ಅಲುಗಿಸಿ. ಬುಡದಲ್ಲಿ ಲೊಡಲೊಡ ಎಂದರೆ ಬಿಟ್ಟುಬಿಡಿ. ಮುಳ್ಳು ಸವೆದಿದೆ ಎಂದೇ ಭಾವಿಸಿ ಹೊಸದರ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಿಮಿಷಕ್ಕೆ 78 ಸುತ್ತಿನ ಹಳೆಯ ರೆಕಾರ್ಡುಗಳನ್ನೂ ಕೇಳುವವರಿಗೆ ಬೇರೆಯೇ ದಪ್ಪ ಮುಳ್ಳು ಬೇಕು.

ಮನೆಗೆ ತಂದ ಮೇಲೆ ಭಾರ ಹೊಂದಿಸುವ ಕೆಲಸ ಬಾಕಿಯಿರುತ್ತದೆ. ಮುಳ್ಳಿನ ಕವಚ ತೆಗೆದು, ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ಆಂಟಿ-ಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗೆ ತಂದು, ಆರ್ಮಿನ ಹಿಂತುದಿಯ ತೂಕದ ಬಿಲ್ಲೆಯನ್ನು ಆರ್ಮ್ ತಕ್ಕಡಿಯ ದಂಡದಂತೆ ಸಮನಾಗಿ ತೇಲುವವರೆಗೆ ತಿರುಗಿಸಿ. ಆಗ ಬಿಲ್ಲೆಯನ್ನು ಅಲುಗಿಸದೆ ಅದರ ಮುಂದಿನ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತನ್ನಿ. ಕೊನೆಗೆ ಎರಡನ್ನೂ ಒಟ್ಟಿಗೆ ತಿರುಗಿಸಿ, ಕಾರ್ಟ್ರಿಡ್ಜಿನ ಕೈಪಿಡಿಯಲ್ಲಿ ಹೇಳಿದ ಅಂಕಿಯಲ್ಲಿ ನಿಲ್ಲಿಸಿ. ಆಂಟಿ-ಸ್ಕೇಟಿಂಗ್ ಗುಂಡಿಯನ್ನೂ ಅದೇ ಅಂಕಿಗೆ ಇಡಿ. ಸ್ಪೀಕರ್‌ನಲ್ಲಿ 'ಗುಂಯ್' ಎನ್ನುವ ಸದ್ದು ಬಂದರೆ ಅರ್ತ್ ತಂತಿ ಸಿಕ್ಕಿಸಲು ಮರೆತಿದ್ದೀರಾ ಎಂದು ಮೊದಲು ನೋಡಿ.

ಸ್ಪೀಕರ್‌ಗಳನ್ನು ಟರ್ನ್‌ಟೇಬಲ್ ಇರುವ ಮೇಜಿನ ಮೇಲೆಯೇ ಇಡಬೇಡಿ. ತಟ್ಟೆ ತಿರುಗದೆ ನಿಂತಿರುವಾಗ ಮುಳ್ಳನ್ನು ಹಳೆಯ ರೆಕಾರ್ಡೊಂದರ ಮೇಲೆ ಇಳಿಸಿ, ದನಿಯನ್ನು ತುಸು ಏರಿಸಿ, ಮೇಜನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಆ ತಟ್ಟು ಸ್ಪೀಕರ್‌ನಲ್ಲಿ ಗಟ್ಟಿಯಾಗಿ ಕೇಳಿಸಿದರೆ ಬೇರೆ ಮೇಜು ಹುಡುಕಿ.